ಹದಿನೈದು ಪರ್ಸೆಂಟಿನ ಕಾಲು

ಸರ್ಕಾರದ ಪ್ರಕಾರ ನನ್ನ ಗಂಡನ ಬಲಗಾಲು ಕೆಟ್ಟಿರುವುದು ಹದಿನೈದು ಪರ್ಸೆಂಟ್ ಮಾತ್ರ. ಉಳಿದ ಎಂಬತ್ತೈದು ಪರ್ಸೆಂಟ್ ಗಟ್ಟಿಮುಟ್ಟಾಗಿದೆಯಂತೆ. ಆ ಎಂಬತ್ತೈದು ಎಲ್ಲಿದೆ, ಹೆಬ್ಬೆರಳಿನಲ್ಲೋ ಹಿಮ್ಮಡಿಯಲ್ಲೋ ಅಂತ ಯಾರಾದರೂ ತೋರಿಸಿಕೊಟ್ಟಿದ್ದರೆ ನಾನೂ ನೋಡಿ ಸಂತೋಷಪಡುತ್ತಿದ್ದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ನೋಡುವವಳು ನಾನು. ಪರ್ಸೆಂಟ್ ಹಾಕಿದವರು ಅದನ್ನು ನೋಡಿಲ್ಲ.

ನನ್ನ ಹೆಸರು ಬಸವರಾಜೇಶ್ವರಿ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹಿಂದಿನ ಕ್ರಾಸಿನಲ್ಲಿ ನಮ್ಮ ಬಾಡಿಗೆ ಮನೆ. ಸೀರೆಗೆ ಕುಚ್ಚು ಕಟ್ಟಿಕೊಡುತ್ತೇನೆ. ನನಗೆ ಸಿಟ್ಟು ಜಾಸ್ತಿ ಅಂತ ಕ್ರಾಸಿನವರೆಲ್ಲ ಹೇಳುತ್ತಾರೆ, ಅದು ಸುಳ್ಳಲ್ಲ. ನನ್ನ ಗಂಡ ಕೊಟ್ರೇಶ್ ಮಿಲಿಟರಿಯಲ್ಲಿ ಹವಲ್ದಾರ್ ಆಗಿದ್ದು ನಿವೃತ್ತರಾದವರು. ಅವರಿಗೆ ಸಿಟ್ಟು ಬರುವುದೇ ಇಲ್ಲ. ಮನೆಗೆ ಬೇಕಾದ ಸಿಟ್ಟನ್ನೆಲ್ಲ ನಾನೊಬ್ಬಳೇ ಮಾಡಿಕೊಳ್ಳಬೇಕು.

ಗಡಿಯ ಹತ್ತಿರದ ಒಂದು ಪೋಸ್ಟಿನಲ್ಲಿ, ಹಿಮ ಬಿದ್ದ ಇಳಿಜಾರಿನಲ್ಲಿ ಸೀಮೆಎಣ್ಣೆ ಡಬ್ಬ ಹೊತ್ತು ಇಳಿಯುವಾಗ ಅವರ ಬೂಟು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮೈ ಒಂದು ಕಡೆ ಉರುಳಿತು, ಪಾದ ಇದ್ದಲ್ಲೇ ಉಳಿಯಿತು. ಪಾದ ಕಾಲಿಗೆ ಸೇರುವ ಕೀಲಿಗೆ ನಮ್ಮ ಕೊಟ್ಟೂರು ಕಡೆ ಹರಡು ಅನ್ನುತ್ತೇವೆ, ಅದು ಪುಡಿಯಾಯಿತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಡ್ಯೂಟಿಯ ಮೇಲೆ ಆದ ಪೆಟ್ಟು ಅಂತ ಮಿಲಿಟರಿಯವರೇ ಒಪ್ಪಿದ್ದಾರೆ, ಅದರಲ್ಲಿ ತಕರಾರಿಲ್ಲ. ತಕರಾರೆಲ್ಲ ಪರ್ಸೆಂಟಿನದು. ಊನ ಇಪ್ಪತ್ತು ಪರ್ಸೆಂಟ್ ಇದ್ದರೆ ಅಂಗವೈಕಲ್ಯದ ಪಿಂಚಣಿ ಸಿಗುತ್ತದೆ. ಇಪ್ಪತ್ತಕ್ಕಿಂತ ಒಂದು ಕಡಿಮೆಯಾದರೂ ಇವರಂಥವರಿಗೆ ಏನೂ ಇಲ್ಲ.

ಈಗ ಅವರು ನಾಗರಬಾವಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಹೆಸರಿಗೆ ಸೂಪರ್‌ವೈಸರ್, ಇಡೀ ದಿನ ನಿಂತೇ ಇರಬೇಕು. ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಬಿಲ್ಡಿಂಗಿನ ಮರ್ಯಾದೆ ಹೋಗುತ್ತದೆಯಂತೆ. ಮಾಜಿ ಸೈನಿಕರು ಅಂತಲೇ ಇಟ್ಟುಕೊಂಡಿದ್ದೇವೆ, ನೆಟ್ಟಗೆ ನಿಂತರೆ ಚೆಂದ ಅಂತ ಅಲ್ಲಿನ ಸೆಕ್ರೆಟರಿ ಹೇಳಿದ್ದಾನೆ. ಸಾಯಂಕಾಲ ಬಂದು ಬೂಟು ಬಿಚ್ಚಿದರೆ ಹರಡು ಯಾವುದು, ಮೀನಖಂಡ ಯಾವುದು ಗೊತ್ತಾಗದ ಹಾಗೆ ಕಾಲು ಊದಿಕೊಂಡಿರುತ್ತದೆ. ರಾಜಾಜಿನಗರದ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ನಿಂತು ಮಾಡುವ ಕೆಲಸ ಬಿಟ್ಟುಬಿಡಿ, ಇಲ್ಲದಿದ್ದರೆ ಕೀಲನ್ನೇ ಬೆಸೆದುಬಿಡಬೇಕಾಗುತ್ತದೆ, ಆಮೇಲೆ ಪಾದ ಮಡಚುವುದಿಲ್ಲ ಅಂದಿದ್ದಾರೆ. ಕೆಲಸ ಬಿಡಬೇಕೆಂದರೆ ಆ ಇನ್ನೊಂದು ಪಿಂಚಣಿ ಬರಬೇಕು. ಮಾಮೂಲಿ ಪಿಂಚಣಿ ಮನೆ ಬಾಡಿಗೆಗೇ ಮುಗಿದುಹೋಗುತ್ತದೆ.

ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟಿಗೆ ನಿಂತರೆ ಹಿಂದಿನಿಂದ ಯಾರಾದರೊಬ್ಬ, "ಅಣ್ಣ, ಗಟ್ಟಿಮುಟ್ಟಾಗಿದೀರಲ್ಲ, ಮೆಟ್ಲು ಹತ್ಕೊಂಡು ಹೋಗಿ, ವಯಸ್ಸಾದೋರಿಗೆ ಬಿಡಿ" ಅನ್ನುತ್ತಾನೆ. ಇವರು 'ಸಾರಿ' ಅಂದು ಮೆಟ್ಟಿಲ ಕಡೆ ತಿರುಗುತ್ತಾರೆ. ಸಾರಿ ಯಾಕೆ? ಒಂದು ಸಲ ನಾನು ಜೊತೆಗಿದ್ದೆ, ಹಾಗಂದವನಿಗೆ ಅಲ್ಲೇ ನೀರಿಳಿಸಿದೆ. ಇವರಿಗೆ ನಾಚಿಕೆಯಾದದ್ದು ಅವನ ಮಾತಿಗಲ್ಲ, ನನ್ನ ಬಾಯಿಗೆ.

ಅಪೀಲು ಹಾಕಿಸಿದ್ದೂ ನಾನೇ. ಮಹಾಲಕ್ಷ್ಮಿ ಲೇಔಟಿನಲ್ಲಿ ನಿವೃತ್ತ ಸುಬೇದಾರ್ ಮುನಿಯಣ್ಣ ಅಂತ ಇದ್ದಾರೆ, ಮಾಜಿ ಸೈನಿಕರ ಇಂಥ ಕೆಲಸಗಳಿಗೆ ಓಡಾಡುವವರು. ಗಂಡನನ್ನು ಎಳೆದುಕೊಂಡು ಅವರ ಮನೆಗೆ ಹೋದೆ. ಅವರು ಕಾಲನ್ನು ನೋಡಿದರು, ಒತ್ತಿದರು, ತಿರುಗಿಸಿದರು. ಇವರು ಹಲ್ಲು ಕಚ್ಚಿಕೊಂಡು ಕೂತಿದ್ದರು.

"ಈ ಕಾಲಿಗೆ ಹದಿನೈದು ಹೆಂಗ್ ಕೊಟ್ರು?" ಮುನಿಯಣ್ಣ ಕೇಳಿದರು. "ರಿಟೈರ್ ಆಗೋವಾಗ ಮೆಡಿಕಲ್ ಬೋರ್ಡ್‌ನಲ್ಲಿ ಡಾಕ್ಟ್ರು ಏನ್ ಕೇಳಿದ್ರು, ನೀನ್ ಏನ್ ಹೇಳ್ದೆ? ಒಂದೂ ಬಿಡ್ದೆ ಹೇಳಪ್ಪ."

ಆಗ ಗೊತ್ತಾಯಿತು ನೋಡಿ, ನನ್ನ ಗಂಡ ಎಂಥ ಬುದ್ಧಿವಂತರು ಅಂತ.

ಆ ಬೋರ್ಡು ನಡೆದದ್ದು ಉತ್ತರದ ಯಾವುದೋ ಊರಿನಲ್ಲಿ. ಪರೀಕ್ಷೆ ಮಾಡಿದ ಡಾಕ್ಟರು ದಾವಣಗೆರೆ ಕಡೆಯವರಂತೆ. ಅಂಗಿ ಬಿಚ್ಚಿದಾಗ ಇವರ ಕೊರಳಿನಲ್ಲಿದ್ದ ಕರಡಿಗೆ, ಅಂದರೆ ಲಿಂಗ ಇಡುವ ಬೆಳ್ಳಿಯ ಪುಟ್ಟ ಡಬ್ಬಿ, ಅವರ ಕಣ್ಣಿಗೆ ಬಿದ್ದಿದೆ. ಹಣೆಯ ಮೇಲೆ ವಿಭೂತಿ ಬೇರೆ. ಡಾಕ್ಟರಿಗೆ ಖುಷಿಯೋ ಖುಷಿ. ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದವರು ಕನ್ನಡಕ್ಕೆ ತಿರುಗಿ, ನಮ್ಮವರೇನ್ರೀ, ಊರು ಯಾವುದು, ಮಠ ಯಾವುದು ಅಂತೆಲ್ಲ ವಿಚಾರಿಸಿದ್ದಾರೆ. ಆಮೇಲೆ ಕಾಲು ಹಿಡಿದುಕೊಂಡೇ ಕೇಳಿದ್ದಾರೆ: ದಿನಾ ಪೂಜೆ ಮಾಡ್ತೀರೇನು? ಪದ್ಮಾಸನ ಹಾಕಿ ಕೂರ್ತೀರೋ?

"ದಿನಾ ಹಾಕ್ತೀನ್ರಿ ಸರ್ ಅಂದೆ," ಅಂದರು ನನ್ನ ಗಂಡ. "ಪೂಜಿ ಆಗದs ಹನಿ ನೀರು ಮುಟ್ಟಂಗಿಲ್ರಿ ಅಂತನೂ ಹೇಳಿದೆ."

ಡಾಕ್ಟರು ಬೆನ್ನು ತಟ್ಟಿ, ಭೇಷ್ ಅಂದು, ಅದನ್ನು ಹಾಗೇ ಬರೆದುಕೊಂಡಿದ್ದಾರೆ.

ಮುನಿಯಣ್ಣ ಹಿಡಿದಿದ್ದ ಕಾಲನ್ನು ಬಿಟ್ಟರು. "ಪದ್ಮಾಸನ ಹಾಕೋನಿಗೆ ಇಪ್ಪತ್ತು ಯಾರ್ ಕೊಡ್ತಾರೆ ಕೊಟ್ರೇಶ? ನಾನಾಗಿದ್ರೆ ಹದಿನೈದೂ ಕೊಡ್ತಿರ್ಲಿಲ್ಲ. ಹೋಗಿ ಯೋಗಾಸನದ ಕ್ಲಾಸ್ ಮಾಡು ಅಂತಿದ್ದೆ. ಅಪೀಲ್ ಹಾಕೋಣ, ಮತ್ತೊಂದ್ ಬೋರ್ಡಿಗೆ ಕರೀತಾರೆ."

ನಿಜ ಏನೆಂದರೆ, ಪೆಟ್ಟಾದ ಮೇಲೆ ಈ ಮನುಷ್ಯ ಒಂದು ದಿನವೂ ನೆಲದ ಮೇಲೆ ಕೂತಿಲ್ಲ. ದೇವರ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇದೆ. ಬಾಗಿಲು ಹಾಕಿಕೊಂಡು ಅದರ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಬಾಗಿಲು ಹಾಕುವುದು ನಮ್ಮ ಅತ್ತೆ ನೀಲಗಂಗಮ್ಮನಿಗೆ ಗೊತ್ತಾಗಬಾರದು ಅಂತ. ಈ ವಯಸ್ಸಿನಲ್ಲೂ ಅತ್ತೆ ನೆಲಕ್ಕೇ ಕೂತು ಪೂಜೆ ಮಾಡುವವರು, ಮಗ ಸ್ಟೂಲಿನ ಮೇಲೆ ಕೂರುತ್ತಾನೆ ಅಂತ ತಿಳಿದರೆ ನೊಂದುಕೊಳ್ಳುತ್ತಾರೆ ಅಂತ ಇವರ ಲೆಕ್ಕ. ಈ ಗುಟ್ಟು ನನಗೆ ಗೊತ್ತಿತ್ತು. ಅದನ್ನು ಮೆಡಿಕಲ್ ಬೋರ್ಡಿನವರೆಗೂ ಹೊತ್ತುಕೊಂಡು ಹೋಗಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ.

"ಡಾಕ್ಟ್ರ ಮುಂದ ಸುಳ್ಳು ಯಾಕ ಹೇಳಿದ್ರಿ?" ಅಂತ ಅಲ್ಲೇ ಕೇಳಿದೆ.

"ಅವ್ರು ನಮ್ಮೋರು ಅದಾರ. ನಮ್ಮೋರ ಮುಂದ ಸ್ಟೂಲಿನ ಮ್ಯಾಲ ಕುಂದ್ರತೀನಿ ಅಂತ ಹೆಂಗ ಹೇಳ್ಲಿ?"

ನಮ್ಮವರಂತೆ! ಡಾಕ್ಟರು ಬೇರೆ ಯಾರೋ ಆಗಿದ್ದರೆ, ಕೊರಳು ನೋಡದೆ ಕಾಲು ಮಾತ್ರ ನೋಡಿದ್ದರೆ ಇವರು ನಿಜ ಹೇಳುತ್ತಿದ್ದರು. ಆ ಪುಣ್ಯಾತ್ಮ ಎರಡು ಕನ್ನಡದ ಮಾತಾಡಿದ್ದೇ ತಡ, ಇವರು ಮುರಿದ ಕಾಲಿನಲ್ಲಿ ಪದ್ಮಾಸನ ಹಾಕಿಬಿಟ್ಟರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಮುನಿಯಣ್ಣನ ಹೆಂಡತಿ ಕಾಫಿ ತಂದುಕೊಟ್ಟರು, ಕುಡಿಯದೆ ಎದ್ದು ಬಂದೆ.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ನಾನು ಬಾಯಿ ಬಿಟ್ಟೆ. ಇವರು ಹಿಂದಿನಿಂದ, "ಬ್ಯಾಡ, ರಾಜೇಶ್ವರಿ, ಬ್ಯಾಡ" ಅನ್ನುತ್ತಲೇ ಇದ್ದರು. ನಾನು ಒಂದನ್ನೂ ಬಿಡದೆ ಹೇಳಿದೆ: ಸ್ಟೂಲು, ಬಾಗಿಲು, ದಾವಣಗೆರೆಯ ಡಾಕ್ಟರು, ಪದ್ಮಾಸನ, ಹದಿನೈದು ಪರ್ಸೆಂಟ್.

ಅತ್ತೆಯ ಕೈ ನಿಂತಿತು. ಮಗನ ಕಡೆ ತಿರುಗಿದರು. ಅಷ್ಟು ದೊಡ್ಡ ಮನುಷ್ಯ ಬಾಗಿಲಲ್ಲಿ ಸ್ಕೂಲ್ ಹುಡುಗನ ಹಾಗೆ ನಿಂತಿದ್ದರು.

"ಲೇ ಕೊಟ್ರ, ಕೊರಳಾಗ ಲಿಂಗ ಕಟ್ಕೊಂಡು ಸುಳ್ಳು ಹೇಳೀಯೇನಲೇ?"

"ಅವ್ವ, ನಿನಗ ಬ್ಯಾಸರ ಆಕೈತಿ ಅಂತ..."

"ನನಗ ಬ್ಯಾಸರ ಆಗಿದ್ದು ಈಗ. ಸ್ಟೂಲಿನ ಮ್ಯಾಲ ಕುಂತಿ ಅಂತ ಅಲ್ಲ, ಸುಳ್ಳು ಹೇಳಿದಿ ಅಂತ. ಲಿಂಗ ಇರೋದು ಅಂಗೈಯಾಗ. ಕುಂಡಿ ಎಲ್ಲೈತಿ ಅಂತ ಶಿವ ಕೇಳ್ತಾನೇನು? ಕಾಲು ಮುರ್ಕೊಂಡು ಬಂದ ಮಗ ನೆಲಕ್ಕ ಕುಂದ್ರಲಿ ಅಂತ ನಾನು ಯಾವಾಗ ಅಂದಿದ್ನೆಪ್ಪಾ?"

ಅತ್ತೆಯ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳದೆ ಬೈಯುತ್ತಲೇ ಹೋದರು. ಇಷ್ಟು ವರ್ಷ ಒಬ್ಬರಿಗೊಬ್ಬರು ನೋವಾಗದಿರಲಿ ಅಂತ ಮಗ ಕದ ಹಾಕಿಕೊಂಡಿದ್ದು, ತಾಯಿ ಯಾಕೆ ಅಂತ ಕೇಳದೆ ಇದ್ದದ್ದು ನೋಡಿ ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಕಂಡು ಕರುಳೂ ಚುರುಕ್ಕೆಂದಿತು. ಕೊನೆಗೆ ಅತ್ತೆ, "ಮತ್ತೊಂದ್ಸಲ ಕರೀತಾರಂತಲ್ಲ, ಹೋಗಿ ಇದ್ದದ್ದು ಇದ್ದಂಗ ಹೇಳಿ ಬಾ" ಅಂದರು. ಇವರು ತಲೆಯಾಡಿಸಿದರು. ಮರುದಿನದಿಂದ ಪೂಜೆಗೆ ಬಾಗಿಲು ಹಾಕುವುದು ನಿಂತಿತು.

ಅಪೀಲಿನ ಬೋರ್ಡಿಗೆ ಕರೆ ಬಂದದ್ದು ಮಳೆಗಾಲ ಕಳೆದ ಮೇಲೆ, ಇಲ್ಲೇ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಗಂಡ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದಾರೆ. ಅಂಗಿಗೆ ಇಸ್ತ್ರಿ ಆಗಿದೆ, ಮೀಸೆ ಕತ್ತರಿಸಿ ಆಗಿದೆ.

"ಗಣರಾಜ್ಯೋತ್ಸವದ ಪರೇಡಿಗೆ ಹೊಂಟೀರೇನು?" ಅಂದೆ. "ಕೋಲು ಹಿಡ್ಕೊಳ್ರಿ."

"ಆಫೀಸರ್ ಮುಂದ ಕೋಲು ಹಿಡ್ಕೊಂಡು ನಿಲ್ಲಾಕ ಬರಂಗಿಲ್ಲ."

"ಕಾಲು ಕೆಟ್ಟೈತಿ ಅಂತ ತೋರ್ಸಾಕ ಹೊಂಟೀವಿ ನಾವು!"

"ಕಾಲು ತೋರಿಸ್ತೀನಿ. ನಾಟಕ ಮಾಡಾಕ ಬರಂಗಿಲ್ಲ ನನಗ."

ಕೋಲು ಹಿಡಿಯುವುದು ಇವರಿಗೆ ನಾಟಕ, ಪದ್ಮಾಸನ ಹಾಕುತ್ತೇನೆ ಅಂದಿದ್ದು ನಾಟಕವಲ್ಲ.

ಆಸ್ಪತ್ರೆಯಲ್ಲಿ ಬೋರ್ಡಿನ ಕೋಣೆಯ ಹೊರಗೆ ಒಂದು ಬೆಂಚು, ಬಾಗಿಲಿಗೆ ಹಸಿರು ಪರದೆ. ಜೊತೆಗೆ ಬಂದವರು ಹೊರಗೆ ಕೂರಬೇಕು ಅಂತ ಬಾಗಿಲಲ್ಲಿದ್ದ ಸಿಪಾಯಿ ಹೇಳಿದ. ಬಾಗಿಲು ಹಾಕಿರಲಿಲ್ಲ, ಪರದೆ ಮಾತ್ರ ಇತ್ತು, ಹಾಗಾಗಿ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಒಳಗಿದ್ದವರ ಪೈಕಿ ದೊಡ್ಡವರು ಒಬ್ಬ ಕರ್ನಲ್, ಹಿಂದಿಯವರು. ಮಿಲಿಟರಿ ಕ್ವಾರ್ಟರ್ಸಿನಲ್ಲಿ ವರ್ಷಗಟ್ಟಲೆ ತರಕಾರಿಯವರ ಜೊತೆ ಜಗಳ ಮಾಡಿದವಳು ನಾನು, ಹಿಂದಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇವರು ಎಲ್ಲ ಸರಿಯಾಗಿಯೇ ಹೇಳಿದರು. ನಿಂತರೆ ಊದುತ್ತದೆ, ಮೆಟ್ಟಿಲು ಇಳಿಯುವಾಗ ಜಾಸ್ತಿ ನೋವು, ನೆಲದ ಮೇಲೆ ಕೂರುವುದಕ್ಕೆ ಆಗುವುದಿಲ್ಲ, ಪೂಜೆಗೂ ಸ್ಟೂಲಿನ ಮೇಲೆ ಕೂರುತ್ತೇನೆ. ನಾನು ಹೊರಗೆ ಕೂತು, ಸದ್ಯ ಬಾಯಿ ಬಿಟ್ಟರಲ್ಲ ಅಂದುಕೊಂಡೆ.

ಕರ್ನಲ್ ನಕ್ಕರು. "ಹಿಂದಿನ ಬೋರ್ಡಿಗೆ ಪದ್ಮಾಸನ ಹಾಕುತ್ತೇನೆ ಅಂದಿದ್ದೀಯ. ಈಗ ಸ್ಟೂಲು ಅನ್ನುತ್ತೀಯ. ನಡುವೆ ಯಾರು ಪಾಠ ಹೇಳಿಕೊಟ್ಟರು?"

"ಸರ್, ಆವತ್ತು ಸುಳ್ಳು ಹೇಳಿದ್ದೆ. ಇವತ್ತು ಹೇಳುತ್ತಿರುವುದು ನಿಜ."

"ಎಲ್ಲರೂ ಹೀಗೇ ಹೇಳುತ್ತಾರೆ. ಪಿಂಚಣಿ ಸಿಗಲಿಲ್ಲ ಅಂದ ಕೂಡಲೇ ನೋವು ಶುರುವಾಗುತ್ತದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಬೆಂಚಿನ ತುದಿಗೆ ಬಂದೆ. ಸಿಪಾಯಿ ನನ್ನ ಕಡೆ ನೋಡಿ, ಬೇಡ ಅಂತ ಕಣ್ಣಲ್ಲೇ ಹೇಳಿದ. ಅಷ್ಟರಲ್ಲಿ ಒಳಗಿನಿಂದ ಕರ್ನಲ್‌ರ ದನಿ ಬಂತು. ಮೊದಲಿನ ದನಿ ಅಲ್ಲ, ಪರೇಡ್ ಮೈದಾನದಲ್ಲಿ ಹುಕುಂ ಕೊಡುವ ದನಿ.

"ಹವಲ್ದಾರ್! ಬೈಠ್!"

ಬೂಟುಗಳು ಜೋಡಿಯಾದ ಸದ್ದು ಕೇಳಿಸಿತು. ಆಮೇಲೆ ಮೈ ನೆಲಕ್ಕೆ ಬಿದ್ದ ಸದ್ದು. ಪರದೆ ಸರಿಸಿ ನಾನು ಒಳಗೆ ನುಗ್ಗಿದೆ. ಸಿಪಾಯಿ ತಡೆಯಲಿಲ್ಲ.

ನನ್ನ ಗಂಡ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಬೆನ್ನು ನೆಟ್ಟಗಿತ್ತು, ಎರಡೂ ಕೈ ಮೊಣಕಾಲ ಮೇಲೆ, ದೃಷ್ಟಿ ಎದುರಿನ ಗೋಡೆಗೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಅಷ್ಟು ವರ್ಷ ಅವರ ಮೈಗೆ ಕಲಿಸಿದ್ದು ಒಂದೇ, ಕೂರು ಅಂದರೆ ಕೂರಬೇಕು, ಏಳು ಅಂದರೆ ಏಳಬೇಕು. ಆಗುತ್ತದೋ ಇಲ್ಲವೋ ಅಂತ ಕಾಲನ್ನು ಕೇಳುವುದನ್ನು ಯಾರೂ ಕಲಿಸಿರಲಿಲ್ಲ. ಅದು ಆ ಕರ್ನಲ್‌ಗೂ ಗೊತ್ತಿತ್ತು. ಗೊತ್ತಿದ್ದೇ ಆ ದನಿಯಲ್ಲಿ ಹೇಳಿದ್ದು ಅಂತ ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಕರ್ನಲ್ ತಲೆ ಬಗ್ಗಿಸಿ ಬರೆಯುತ್ತಿದ್ದರು. ಪಕ್ಕದಲ್ಲಿ ಒಬ್ಬ ವಯಸ್ಸಾದ ಡಾಕ್ಟರು, ಇನ್ನೊಂದು ಪಕ್ಕ ಒಬ್ಬ ಹೆಣ್ಣುಮಗಳು, ಮೇಜರ್, ಎದೆಯ ಮೇಲಿನ ಪಟ್ಟಿಯಲ್ಲಿ ರಕ್ಷಾ ಅಂತ ಇತ್ತು. ಕರ್ನಲ್ ಬರೆಯುತ್ತಲೇ, ಬೇರೆಯವರಿಗೂ ಕೇಳಲಿ ಅನ್ನುವಂತೆ ಹೇಳಿದರು: "ಆಸರೆ ಇಲ್ಲದೆ ನೆಲದ ಮೇಲೆ ಕೂರಬಲ್ಲ." ಆಮೇಲೆ, "ಸರಿ, ಏಳು."

ಇವರು ಏಳಲಿಲ್ಲ. ನಾನು ಓಡಿಹೋಗಿ ಕೈ ಚಾಚಿದೆ. ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. ಸಿಪಾಯಿ ಬಂದು ರಟ್ಟೆಗೆ ಕೈ ಹಾಕಿದ. ಅವನಿಗೂ ತಲೆಯಾಡಿಸಿ ಬೇಡ ಅಂದರು.

"ಏಳು ಅಂದೆ," ಅಂದರು ಕರ್ನಲ್.

ನನ್ನ ಗಂಡ ಗೋಡೆಯಿಂದ ದೃಷ್ಟಿ ತೆಗೆದು ಅವರನ್ನು ನೋಡಿದರು. ಆಫೀಸರೊಬ್ಬರ ಎದುರು ಅವರ ಬಾಯಲ್ಲಿ ತಾನಾಗಿ ಕನ್ನಡ ಬಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಾಗೆ ಅವರಿಗೆ ಸಿಟ್ಟು ಬಂದಿದ್ದನ್ನು ನೋಡಿದ್ದೂ ಮೊದಲು.

"ಕೂಡು ಅಂದ್ರಿ, ಕುಂತೆ. ಏಳಾಕ ಆಗವಲ್ದು. ಕುಂದ್ರಿಸಿದೋರು ನೀವು, ನೀವs ಬಂದು ಎಬ್ಬಿಸ್ರಿ."

ಕರ್ನಲ್ ಆ ಹೆಣ್ಣುಮಗಳ ಕಡೆ ತಿರುಗಿದರು, ಒಳಗಿದ್ದವರಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ ಅಂತ ಕಾಣುತ್ತದೆ. ಏನಂದ ಅಂತ ಕೇಳಿದರು.

ಮೇಜರ್ ರಕ್ಷಾ, "ಸರ್, ಏಳೋಕೆ ಸಹಾಯ ಬೇಕಂತೆ" ಅಂತ ಹಿಂದಿಯಲ್ಲಿ ಹೇಳಿದಳು.

"ಅವ್ರು ಹಂಗ ಅನ್ಲಿಲ್ಲ ಮೇಡಂ," ಅಂದೆ ನಾನು. ಅವಳು ತಲೆ ತಗ್ಗಿಸಿದಳು. ನಾನು ಮೇಜಿನ ಹತ್ತಿರ ಹೋಗಿ, ನನ್ನ ತರಕಾರಿ ಮಾರ್ಕೆಟ್ಟಿನ ಹಿಂದಿಯಲ್ಲಿ, ನನ್ನ ಗಂಡ ಹೇಳಿದ್ದನ್ನು ಒಂದಕ್ಷರ ಮೆತ್ತಗೆ ಮಾಡದೆ ಹೇಳಿದೆ. ಕೂರಿಸಿದವರು ನೀವು. ನೀವೇ ಬಂದು ಎಬ್ಬಿಸಿ.

ಕರ್ನಲ್ ಮುಖ ಕೆಂಪಾಯಿತು. ನಮ್ಮನ್ನು ಹೊರಗೆ ಹಾಕಿಸುತ್ತಾರೆ ಅಂದುಕೊಂಡೆ, ಅಪೀಲು, ಪಿಂಚಣಿ ಎಲ್ಲ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಮುಗಿದರೆ ಮುಗಿಯಲಿ ಅನ್ನಿಸಿತು. ನೆಲದ ಮೇಲೆ ಕೂತ ನನ್ನ ಗಂಡ ಕರ್ನಲ್ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ವಯಸ್ಸಾದ ಡಾಕ್ಟರು ಏನೋ ಪಿಸುಗುಟ್ಟಿದರು. ಕರ್ನಲ್ ಪೆನ್ನು ಕೆಳಗಿಟ್ಟು, ಕುರ್ಚಿ ಹಿಂದೆ ತಳ್ಳಿ, ಮೇಜು ಸುತ್ತಿ ಬಂದರು.

ಮೊದಲು ಒಂದು ಕೈ ಕೊಟ್ಟರು. ಇವರು ಆ ಕೈ ಹಿಡಿದು ಇಡೀ ಭಾರ ಹಾಕಿದರು. ಕರ್ನಲ್ ಮುಗ್ಗರಿಸಿ ಮೇಜಿನ ಅಂಚು ಹಿಡಿದರು. ಎರಡನೆಯ ಸಲ ಬಗ್ಗಿ, ಎರಡೂ ಕಂಕುಳಿಗೆ ಕೈ ಹಾಕಿ, ಹಸುಗೂಸನ್ನು ಎತ್ತುವ ಹಾಗೆ ಎತ್ತಬೇಕಾಯಿತು. ಬಲಪಾದ ಮಡಚಿದ್ದಲ್ಲಿಂದ ಬಿಚ್ಚಿಕೊಂಡು ನೆಲಕ್ಕೆ ತಾಗಿದಾಗ ನನ್ನ ಗಂಡ ಕೂಗಿದರು. ಮನೆಯಲ್ಲಿ ಒಂದು ದಿನವೂ ಹಾಗೆ ಕೂಗಿದವರಲ್ಲ. ಕಾರಿಡಾರಿನ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರಂತೆ. ಕರ್ನಲ್‌ರ ಕಿವಿ ಇವರ ಬಾಯಿಗೆ ಗೇಣು ದೂರದಲ್ಲಿತ್ತು. ಎಡಗಾಲು ಊರುವವರೆಗೆ ಇವರು ಅವರ ಹೆಗಲಿಗೆ ಜೋತುಬಿದ್ದಿದ್ದರು, ಅವರು ಇವರ ಸೊಂಟ ಹಿಡಿದು ನಿಂತಿದ್ದರು, ಬಿಟ್ಟರೆ ಬೀಳುತ್ತಾರೆ ಅಂತ ಅವರಿಗೂ ಗೊತ್ತಾಗಿತ್ತು.

ಸಿಪಾಯಿ ಕುರ್ಚಿ ತಂದ. ಇವರು ಕೂರಲಿಲ್ಲ, ಅದರ ಬೆನ್ನು ಹಿಡಿದುಕೊಂಡು ನಿಂತರು. ಕರ್ನಲ್ ಏದುಸಿರು ಬಿಡುತ್ತ ತಮ್ಮ ಜಾಗಕ್ಕೆ ಹೋಗಿ ಕೂತರು. ಅಂಗಿಯ ಹೆಗಲಿನ ಮೇಲೆ ಇವರ ಬೆವರು, ವಿಭೂತಿ ಅಂಟಿತ್ತು. ಅವರು ನಮ್ಮ ಮುಖ ನೋಡಲಿಲ್ಲ. ಆಯಿತು, ನೀವಿನ್ನು ಹೋಗಬಹುದು ಅಂದರು.

"ಕೂತದ್ದು ಬರೆದಿದ್ದೀರಿ," ಅಂದೆ ಹಿಂದಿಯಲ್ಲಿ. "ಎದ್ದದ್ದನ್ನೂ ಬರೆಯಿರಿ. ಎಬ್ಬಿಸಿದವರು ಯಾರು ಅಂತಲೂ ಬರೆಯಿರಿ."

ಕರ್ನಲ್ ಪೆನ್ನು ಕೈಗೆ ತೆಗೆದುಕೊಂಡರು. ಅವರು ಬರೆದು ಮುಗಿಸುವವರೆಗೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.